ಕೊಟ್ಟವರೇ ಕೈಮುಗಿಯುವ ಓಣಿ

ಬೆಂಗಳೂರಿನ ಗೋವಿಂದರಾಜನಗರದಿಂದ ಹೋಗಿ ಬ್ಯಾಂಕಾಕಿನಲ್ಲಿ ಕೆಲಕಾಲ ನೆಲೆಸುವ ಕನ್ನಡಿಗನಿಗೆ ಥಾಯ್ಲೆಂಡಿನ ನಿತ್ಯದ ಆಚಾರಗಳು ಅರೆಪರಿಚಿತವಾಗಿಯೇ ಎದುರಾಗುತ್ತವೆ. ಚಪ್ಪಲಿಯನ್ನು ಬಾಗಿಲಾಚೆ ಬಿಡುವುದು, ಹಿರಿಯರಿಗೆ ಕೈಮುಗಿಯುವುದು, ಅರಿಯದೆ ಕಾಲು ತಾಗಿದರೂ ಅಪಚಾರವೆಂದು ಬಗೆಯುವುದು ಇವೆಲ್ಲ ಮಾಗಡಿ ರಸ್ತೆಯ ಆಸುಪಾಸಿನ ಮನೆಗಳಲ್ಲೂ ಉಳಿದಿರುವ ನಡವಳಿಕೆಗಳೇ. ದೇವನಹಳ್ಳಿಯಿಂದ ಸುವರ್ಣಭೂಮಿ ನಿಲ್ದಾಣಕ್ಕೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ, ಆಮೇಲಿನ ಒಂದು ವಾರ ಅರಮನೆ, ಮಾಲು, ನದಿಯ ದೋಣಿಗಳಲ್ಲಿ ಕರಗಿಹೋಗುತ್ತದೆ. ಆದರೆ ಪ್ರವಾಸಿಯ ಮನಸ್ಸನ್ನು ಹಿಡಿದು ನಿಲ್ಲಿಸುವುದು ಮುಂಜಾನೆ 'ಸೊಯಿ', ಅಂದರೆ ಅಡ್ಡರಸ್ತೆಯಲ್ಲಿ, ನಡೆಯುವ 'ತಕ್ ಬಾತ್'.

'ಬಾತ್' ಎಂಬುದು ಸಂಸ್ಕೃತದ 'ಪಾತ್ರ'ದ ಥಾಯ್ ಉಚ್ಚಾರ, 'ತಕ್' ಎಂದರೆ ಮೊಗೆಯುವುದು. ಭಿಕ್ಷುವಿನ ಪಾತ್ರೆಗೆ ಅನ್ನ ಮೊಗೆದು ಹಾಕುವುದೇ ಈ ಆಚರಣೆಯ ಹೆಸರಾಗಿದೆ. ಕಾವಿ ಹೊದ್ದ ಭಿಕ್ಷು ಬರಿಗಾಲಲ್ಲಿ ಬಂದು ಏನನ್ನೂ ಕೇಳದೆ ನಿಲ್ಲುತ್ತಾನೆ. ಓಣಿಯ ತುದಿಯಲ್ಲಿ ಕಾದಿರುವ ವಯಸ್ಸಾದ ಹೆಂಗಸು ಚಪ್ಪಲಿ ಕಳಚಿ, ಬಿಸಿಯನ್ನವನ್ನು ಪಾತ್ರೆಗೆ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿದ ಪಲ್ಯದ ಪೊಟ್ಟಣವನ್ನು ಕೈ ತಾಗದಂತೆ ಇಡುತ್ತಾಳೆ, ಏಕೆಂದರೆ ಹೆಂಗಸರು ಭಿಕ್ಷುವನ್ನು ಮುಟ್ಟುವಂತಿಲ್ಲ. ಬಳಿಕ ಮಂಡಿಯೂರಿ, ಜೋಡಿಸಿದ ಹೆಬ್ಬೆರಳು ಹುಬ್ಬಿನ ನಡುವೆ ಬರುವಷ್ಟು ಎತ್ತರಕ್ಕೆ ಕೈಮುಗಿಯುತ್ತಾಳೆ. 'ವಾಯ್' ಎನ್ನುವ ಈ ವಂದನೆಯಲ್ಲಿ ಕೈಯ ಎತ್ತರವೇ ಗೌರವದ ಅಳತೆ. ಹಿರಿಯರಿಗೆ ಅದು ಮೂಗಿನ ಮಟ್ಟಕ್ಕೆ, ಸರೀಕರಿಗೆ ಗಲ್ಲದ ಮಟ್ಟಕ್ಕೆ ಇಳಿಯುತ್ತದೆ. ಭಿಕ್ಷು ಪ್ರತಿವಂದನೆ ಮಾಡುವುದಿಲ್ಲ, ಉಪಕಾರವಾಯಿತೆಂದು ಹೇಳುವುದೂ ಇಲ್ಲ. ಪಾಲಿ ಭಾಷೆಯಲ್ಲಿ ಹರಸಿ ಮುಂದಿನ ಮನೆಗೆ ನಡೆಯುತ್ತಾನೆ.

ಹೊರಗಿನವರ ಕಣ್ಣಿಗೆ ಇದು ಮೊದಲು ಒರಟಾಗಿ ಕಂಡರೂ ಅದರ ತರ್ಕ ಗಂಭೀರವಾದದ್ದು: ಪುಣ್ಯ ಸಂಪಾದಿಸುವ ಅವಕಾಶ ಸಿಕ್ಕಿದ್ದು ಕೊಟ್ಟವಳಿಗೆ, ಆದ್ದರಿಂದ ಋಣ ಅವಳದು. ಬೆಂಗಳೂರಿನಲ್ಲೂ ಒಂದು ಕಾಲಕ್ಕೆ ಬಡ ವಿದ್ಯಾರ್ಥಿಗಳು ವಾರಕ್ಕೊಂದು ದಿನದಂತೆ ಒಂದೊಂದು ಮನೆಯಲ್ಲಿ ಉಣ್ಣುವ ವಾರಾನ್ನದ ಪದ್ಧತಿ ಇತ್ತು. ಅದು ಎಷ್ಟೋ ಮಂದಿಯನ್ನು ಓದಿಸಿತು, ಆದರೆ ಉಂಡವನ ಮನಸ್ಸಿನಲ್ಲಿ ಹಂಗಿನ ಭಾರವನ್ನೂ ಉಳಿಸಿತು. ಆ ಹಂಗನ್ನು ತೆಗೆದುಹಾಕುವ ಈ ಥಾಯ್ ನಡತೆ ಬಹು ದೊಡ್ಡದು. ಅದಕ್ಕಾಗಿಯೇ, ಮಂಡಿಯೂರಿದವರ ಮುಖದ ಹತ್ತಿರಕ್ಕೆ ಮೊಬೈಲ್ ಚಾಚುವ ಪ್ರವಾಸಿಗಳ ಗುಂಪು, ಅದರಲ್ಲಿ ಭಾರತೀಯರೂ ಇರುವುದು, ನೋವುಂಟುಮಾಡುತ್ತದೆ. ಪೂಜೆಯ ಹೊತ್ತಿನಲ್ಲಿ ಪರಕೀಯರು ದೇವರಮನೆಗೆ ನುಗ್ಗಿದರೆ ಸಹಿಸದವರು ಇಲ್ಲಿಯೂ ಅಷ್ಟೇ ದೂರ ನಿಲ್ಲಬೇಕು.

ಹರಕೆ ಮುಗಿದ ಮೇಲೆ ಆ ಹೆಂಗಸು ಸಣ್ಣ ಲೋಟದ ನೀರನ್ನು ಮರದ ಬುಡಕ್ಕೆ ನಿಧಾನವಾಗಿ ಸುರಿಯುತ್ತಾಳೆ. 'ಕ್ರುವಾತ್ ನಾಮ್' ಎಂಬ ಈ ವಿಧಿಯಿಂದ ಆಗತಾನೇ ಗಳಿಸಿದ ಪುಣ್ಯವನ್ನು ತೀರಿಹೋದವರಿಗೆ ಒಪ್ಪಿಸಲಾಗುತ್ತದೆ. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕಾಗಿಲ್ಲ. ಅವಳು ಧಾರೆ ಎರೆಯುತ್ತಿದ್ದಾಳೆ.