ಸಕ್ಕರೆ ಪಾಕ ಕಲಿಸಿದ ಪಾಠ



ಒಡ್ಡನ್‌ಛತ್ರಂನಲ್ಲಿ ನನ್ನದು ಸಕ್ಕರೆ, ಬೆಲ್ಲದ ಸಗಟು ಅಂಗಡಿ. ನಾನು ಬಂದಾಗ ಈ ಊರು ಮಧುರೈ ಜಿಲ್ಲೆಯಲ್ಲಿತ್ತು. 1985ರಲ್ಲಿ ದಿಂಡುಗಲ್ ಜಿಲ್ಲೆಗೆ ಸೇರಿತು. ಓದಿದ್ದು ಮೆಟ್ರಿಕ್‌ವರೆಗೆ ಮಾತ್ರ. ಆದರೂ ಸಕ್ಕರೆಯ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದಿಲ್ಲ ಎಂಬ ಹೆಮ್ಮೆಯಿತ್ತು.

ಕಳೆದ ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಪಾಕದ ಘಮ. ಏನೋ ಸಿಹಿ ಇರಬೇಕೆಂದು ಅಡಿಗೆಮನೆಗೆ ಹೋದೆ. ಹನ್ನೆರಡನೆಯ ತರಗತಿ ಮುಗಿಸಿದ ಮೊಮ್ಮಗಳು ಪಾಕದ ಉಂಡೆಯನ್ನು ಮುಂಗೈಗೆ ಸವರಿ, ಚಟ್ಟನೆ ಎಳೆದು ಕೂದಲು ಕೀಳುತ್ತಿದ್ದಳು! "ತಿನ್ನುವ ಪದಾರ್ಥವನ್ನು ಹೀಗೆ ಹಾಳು ಮಾಡುವುದೇ?" ಎಂದು ಗದರಿದೆ.

"ಅಜ್ಜಾ, ಅಂಗಡಿಯ ಎಷ್ಟೋ ವ್ಯಾಕ್ಸ್‌ಗಳಲ್ಲಿ ಜೇನುಮೇಣ ಇರುತ್ತದೆ, ಕೆಲವಕ್ಕೆ ಜೇನನ್ನೂ ಹಾಕುತ್ತಾರೆ. ಇದರಲ್ಲಿ ಸಕ್ಕರೆ, ನಿಂಬೆರಸ, ನೀರು ಅಷ್ಟೇ" ಎಂದಳು. ಮದ್ಯ, ಮಾಂಸ, ಮಧು ವರ್ಜ್ಯವೆಂದು ಚಿಕ್ಕಂದಿನಲ್ಲಿ ಅವಳಿಗೆ ಕಲಿಸಿದವನು ನಾನೇ. ಸುಮ್ಮನಾದೆ.

ಕುತೂಹಲದಿಂದ ವಿಧಾನ ಕೇಳಿದೆ. ಎರಡು ಬಟ್ಟಲು ಸಕ್ಕರೆಗೆ ಕಾಲು ಬಟ್ಟಲು ನಿಂಬೆರಸ, ಕಾಲು ಬಟ್ಟಲು ನೀರು. ಸಣ್ಣ ಉರಿಯಲ್ಲಿ ಹೊಸ ಬೆಲ್ಲದ ಬಣ್ಣ ಬರುವವರೆಗೆ ಕಾಯಿಸಬೇಕು. ತಣ್ಣೀರಿಗೆ ಒಂದು ಹನಿ ಬಿಟ್ಟರೆ ಮೆತ್ತನೆಯ ಉಂಡೆಯಾಗಬೇಕು. ನಿಂಬೆಹುಳಿ ಏಕೆಂದರೆ, ಸಕ್ಕರೆ ಮತ್ತೆ ಹರಳುಗಟ್ಟಬಾರದು. ಜಿಲೇಬಿ ಪಾಕಕ್ಕೆ ಹಿಂಡುವುದೂ ಇದಕ್ಕೇ. ಉಗುರುಬೆಚ್ಚಗಾದ ಮೇಲೆ ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಹಚ್ಚಿ, ಬೆಳೆದ ದಿಕ್ಕಿಗೇ ಎಳೆಯಬೇಕು. ಬಿಸಿ ಪಾಕ ಚರ್ಮಕ್ಕೆ ಅಂಟಿದರೆ ಕುದಿಯುವ ನೀರಿಗಿಂತ ಹೆಚ್ಚು ಸುಡುತ್ತದೆ, ಅವಸರ ಬೇಡ. ಗಾಯ, ಮಚ್ಚೆ ಇರುವಲ್ಲಿ ಹಚ್ಚಬಾರದು. ಉಳಿದದ್ದನ್ನು ಹಾಗೇ ಚೆಲ್ಲಿದರೆ ಇರುವೆಗಳು ಮುತ್ತಿ ಅಂಟಿಕೊಂಡು ಸಾಯುತ್ತವೆ. ಆದ್ದರಿಂದ ಅವಳು ಧಾರಾಳ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ಆರಿದ ಮೇಲೆ ಬಚ್ಚಲಿಗೆ ಬಿಡುತ್ತಾಳೆ.

ಅರಬ್ ದೇಶಗಳ ಹೆಂಗಸರಲ್ಲಿ ಇದು ಹಳೆಯ ರೂಢಿಯಂತೆ, 'ಹಲಾವಾ' ಎನ್ನುತ್ತಾರೆ. ಅವರ 'ಸುಕ್ಕರ್' ಎಂಬ ಮಾತಿನ ಮೂಲ ನಮ್ಮ 'ಶರ್ಕರಾ'. ಸರಕು ಇಲ್ಲಿಂದ ಹೋಯಿತು, ಉಪಾಯ ಅಲ್ಲಿಂದ ಬಂತು ಎಂದು ನಕ್ಕೆ.

ಅವಳು ನಗಲಿಲ್ಲ. ಮುಂಗೈ ಕೆಂಪಾಗಿತ್ತು. "ಇಷ್ಟು ನೋವು ಯಾಕೆ ಮಗಾ?" ಎಂದೆ.

ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: "ಎರಡು ವರ್ಷದ ಹಿಂದೆ ಮದುವೆ ಮನೆಯಲ್ಲಿ ನೆಂಟರ ಮುಂದೆ 'ನಮ್ಮ ಹುಡುಗಿಗೆ ಗಂಡುಮಕ್ಕಳ ಕೈ' ಎಂದಿರಿ. ಎಲ್ಲರೂ ನಕ್ಕರು."

ನನಗೆ ಆ ಮಾತು ನೆನಪೇ ಇರಲಿಲ್ಲ. ಆದರೆ ಅಂದಿನಿಂದ ಅವಳು ಸುಡುಬಿಸಿಲಲ್ಲೂ ತುಂಬುತೋಳು ತೊಡುತ್ತಿದ್ದುದು ನೆನಪಾಯಿತು. ಹುಡುಗಿ ಗಂಭೀರಳಾಗಿದ್ದಾಳೆಂದು ನಾನು ಸಂತೋಷಪಟ್ಟಿದ್ದೆ!

ನಮ್ಮ ಮುನಿಗಳು ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ಕೈಯಿಂದಲೇ ಕೇಶಲೋಚ ಮಾಡಿಕೊಳ್ಳುತ್ತಾರೆ. ಅದು ದೇಹದ ಮೋಹ ಬಿಟ್ಟವರ ನೋವು. ಇವಳದು ನನ್ನ ನಾಲಿಗೆ ಕೊಟ್ಟ ನೋವು. ಜೇನುಹುಳುವಿಗೆ, ಇರುವೆಗೆ ಇವಳು ತೋರಿದ ದಯೆಯನ್ನು ನಾನು ಮನೆಯ ಮಗುವಿಗೆ ತೋರಲಿಲ್ಲ.

ಪ್ರತಿ ಕ್ಷಮಾವಣಿಗೆ ಗಿರಾಕಿಗಳಿಗೆ, ನೆಂಟರಿಗೆ ಕ್ಷಮಾಪಣೆಯ ಕಾರ್ಡು ಕಳಿಸುವವನು ನಾನು. ಆ ಮಾತಿನ ನಂತರ ಎರಡು ಕ್ಷಮಾವಣಿ ಬಂದು ಹೋಗಿದ್ದವು. ಮೂರನೆಯದಕ್ಕೆ ಕಾಯದೆ ಅಂದೇ ಅವಳ ಬಳಿ ಕ್ಷಮೆ ಕೇಳಿದೆ. "ಆಯಿತು ಬಿಡಿ ಅಜ್ಜಾ" ಎಂದಳು. ಕೂದಲು ತೆಗೆಯುವುದು, ಬಿಡುವುದು ಅವಳ ಇಷ್ಟ.

ಹಿರಿಯರಲ್ಲಿ ಒಂದೇ ವಿನಂತಿ. ಮನೆಯ ಹೆಣ್ಣುಮಕ್ಕಳ ಬಣ್ಣ, ಕೂದಲು, ಮೈಕಟ್ಟಿನ ಬಗ್ಗೆ ತಮಾಷೆಗೂ ಮಾತನಾಡುವುದು ಬೇಡ.