‘ಸ್ವಇಚ್ಛೆಯಿಂದ’ ಎಂಬ ಒಂದು ಪದ

ವಿವಾಹ ಸಂಸ್ಕಾರದ ಆರಂಭದಲ್ಲಿ ಗುರುವು ವಧೂವರರನ್ನು ಕೇಳುವ ಪ್ರಶ್ನೆ ನಮ್ಮೆಲ್ಲರಿಗೂ ಪರಿಚಿತವೇ. ಯಾರ ಬಲವಂತವೂ ಇಲ್ಲದೆ, ಪೂರ್ಣ ಮನಸ್ಸಿನಿಂದ ಬಂದಿರುವಿರಾ ಎಂದು ಕೇಳುತ್ತೇವೆ. ಅವರು ‘ಹೌದು’ ಎಂದ ಮೇಲೆಯೇ ಮುಂದಿನ ಮಾತು. ಬಲಾತ್ಕಾರಕ್ಕಾಗಲಿ ಗಂಭೀರವಾದ ಭಯಕ್ಕಾಗಲಿ ಸಿಲುಕಿ ಕೊಟ್ಟ ಒಪ್ಪಿಗೆಯಿಂದ ವಿವಾಹವು ಸಿಂಧುವಾಗದು ಎಂಬುದು ಧರ್ಮಸಭೆಯ ಕಾನೂನು. ಇದನ್ನು ಗುರುಮಠದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಪೀಠದ ಮುಂದೆ ಕೇಳುತ್ತ ಬಂದವನು ನಾನು. ಆದರೂ 2019ರ ಒಂದು ಸಂಜೆ, ಇದೇ ಪ್ರಶ್ನೆಯನ್ನು ನಾನು ಕೇಳಲೇಬೇಕಾಗಿದ್ದ ಒಬ್ಬ ಮನುಷ್ಯ ಎದುರಿಗೆ ಕುಳಿತಿದ್ದಾಗ, ಕೇಳುವುದನ್ನು ಮರೆತೆ.

ಆಗ ನಾನು ಮೈಸೂರು ಜಿಲ್ಲೆಯ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ಅಂದು ಶನಿವಾರ. ಗುರುನಿವಾಸಕ್ಕೆ ಬಂದವರು ನಂಜನಗೂಡು ತಾಲ್ಲೂಕಿನ ತಗಡೂರಿನವರು. ನಮ್ಮ ಶಾಲೆಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳ ತಂದೆ. ತಗಡೂರು ಎಂದೊಡನೆ ಹಳೆಯ ತಲೆಮಾರಿನವರಿಗೆ ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರ ಹೆಸರೂ ಖಾದಿಯೂ ನೆನಪಿಗೆ ಬರುತ್ತವೆ. ಇವರ ಅಜ್ಜಿಯೂ ಚರಕದಲ್ಲಿ ನೂಲು ತೆಗೆದವರಂತೆ. ಮೊಮ್ಮಗನ ಕಾಲಕ್ಕೆ ಚರಕವು ಅಟ್ಟ ಸೇರಿ, ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಬಸ್ಸು ಬಾಗಿಲಿಗೆ ಬಂದಿತ್ತು. ಅಲ್ಲಿ ಅವರದು ಹತ್ತೊಂಬತ್ತು ವರ್ಷಗಳ ದುಡಿಮೆ. ಸಂಬಳ ತಿಂಗಳಿಗೆ ಹದಿನೇಳು ಸಾವಿರ.

ಅವರ ಕೈಯಲ್ಲಿ ಎರಡು ಹಾಳೆಗಳ ಪತ್ರವೊಂದಿತ್ತು. ಸ್ವಯಂ ನಿವೃತ್ತಿ ಯೋಜನೆ. ಸಹಿ ಹಾಕಿದರೆ ಗ್ರಾಚ್ಯುಟಿ ಮತ್ತು ಭವಿಷ್ಯನಿಧಿಯ ಹೊರತಾಗಿ ಮೂರು ಲಕ್ಷ ರೂಪಾಯಿ, ಮಂಗಳವಾರದೊಳಗೆ ತೀರ್ಮಾನಿಸಬೇಕು. ಸಹಿ ಹಾಕದವರನ್ನು ಬೇರೆ ರಾಜ್ಯದ ಘಟಕಕ್ಕೆ ವರ್ಗಾಯಿಸುತ್ತಾರೆಂಬ ಮಾತು ಕ್ಯಾಂಟೀನಿನಲ್ಲಿ ಹಬ್ಬಿತ್ತು. ಪತ್ರದಲ್ಲಿ ಆ ಮಾತಿರಲಿಲ್ಲ. “ಫಾದರ್, ಸಹಿ ಹಾಕಲೇ?” ಎಂದು ಕೇಳಿದರು. ನಾನು ಪತ್ರವನ್ನು ತೆಗೆದುಕೊಂಡು ಅಂಕಿಯನ್ನು ನೋಡಿದೆ, ಅಕ್ಷರಗಳನ್ನು ಓದಲಿಲ್ಲ. “ಬರುವ ಹಣವನ್ನು ಬಿಡಬೇಡಿ, ಹಾಕಿಬಿಡಿ” ಎಂದೆ. ಸಂಜೆಯ ಪೂಜೆಗೆ ಹೊತ್ತಾಗಿತ್ತು.

ಮೂರು ತಿಂಗಳಲ್ಲಿ ಸಾಲ ತೀರಿತು, ಮನೆಯ ಮಾಡು ರಿಪೇರಿಯಾಯಿತು, ಹಣವೂ ಬಹುಪಾಲು ಮುಗಿಯಿತು. ಕೆಲಸ ಮಾತ್ರ ಸಿಗಲಿಲ್ಲ. ನಲವತ್ತೇಳರ ವಯಸ್ಸಿನವರನ್ನು ಗೇಟಿನಲ್ಲಿಯೇ ನೋಡಿ ಕಳುಹಿಸುತ್ತಿದ್ದರು. ಆಗ ಯಾರೋ ಹೇಳಿದರಂತೆ, ಇ.ಎಸ್.ಐ.ಯಲ್ಲಿ ನಿರುದ್ಯೋಗ ಭತ್ಯೆ ಇದೆ ಎಂದು. ಅದು ನಿಜವೇ ಆಗಿತ್ತು. ಕಾರ್ಮಿಕ ರಾಜ್ಯ ವಿಮಾ ನಿಗಮವು 2005ರ ಏಪ್ರಿಲ್ 1ರಿಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯನ್ನು ಜಾರಿಗೊಳಿಸಿತ್ತು. ಕಾರ್ಖಾನೆ ಮುಚ್ಚಿದ್ದರಿಂದಲೋ, ಕಾರ್ಮಿಕರ ಕಡಿತದಿಂದಲೋ ಕೆಲಸ ಕಳೆದುಕೊಂಡ ವಿಮಾದಾರನಿಗೆ ಮೊದಲು ಆರು ತಿಂಗಳ ಮಟ್ಟಿಗಿದ್ದ ಭತ್ಯೆಯನ್ನು ಮುಂದೆ ಎರಡು ವರ್ಷಗಳಿಗೆ ವಿಸ್ತರಿಸಿದ್ದರು: ಮೊದಲ ವರ್ಷ ಅರ್ಧ ವೇತನ, ಎರಡನೆಯ ವರ್ಷ ಕಾಲು ವೇತನ. 2018ರ ಜುಲೈ 1ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯೂ ಬಂದಿತ್ತು. ಅದರಲ್ಲಿ ಆಗ ತೊಂಬತ್ತು ದಿನಗಳವರೆಗೆ ಕಾಲು ವೇತನ ಸಿಗುತ್ತಿತ್ತು.

ಅವರ ಸಂಬಳದಿಂದ ವರ್ಷಾನುಗಟ್ಟಲೆ ನೂರಕ್ಕೆ ಒಂದೂಮುಕ್ಕಾಲು ರೂಪಾಯಿಯಂತೆ ವಿಮೆಯ ವಂತಿಗೆ ಹೋಗಿತ್ತು. ಹೀಗಿರುವಾಗ ಸಿಗದಿರುವುದು ಹೇಗೆಂದು ನಾನೇ ಧೈರ್ಯ ಹೇಳಿ ಅವರೊಡನೆ ಕಚೇರಿಗೆ ಹೋದೆ. ಅಧಿಕಾರಿ ಸೌಜನ್ಯದಿಂದಲೇ ಮಾತನಾಡಿಸಿದರು. ಕಾಗದಗಳನ್ನು ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟು, “ಇದನ್ನು ನೀವು ಓದಿದ್ದಿರಾ?” ಎಂದು ಕೇಳಿದರು. ‘ನಾನು ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಸೇವೆಯಿಂದ ನಿವೃತ್ತನಾಗುತ್ತಿದ್ದೇನೆ’ ಎಂದಿತ್ತು. ಎರಡೂ ಯೋಜನೆಗಳ ನಿಯಮದಲ್ಲಿ ಸ್ವಯಂ ನಿವೃತ್ತಿ ಪಡೆದವರಿಗೆ ಭತ್ಯೆ ಇರಲಿಲ್ಲ. ವಯೋನಿವೃತ್ತರಾದವರ, ದುರ್ನಡತೆಗಾಗಿ ವಜಾ ಆದವರ ಸಾಲಿನಲ್ಲಿಯೇ ಅವರ ಹೆಸರೂ ಇತ್ತು. ಅವರು ನನ್ನ ಮುಖ ನೋಡಲಿಲ್ಲ. ನಾನು ಆ ಸಾಲನ್ನು ನೋಡುತ್ತ ಕುಳಿತೆ. ಪೀಠದ ಮುಂದೆ ನಾನು ನೂರಾರು ಬಾರಿ ಕೇಳಿದ್ದ ಪ್ರಶ್ನೆಗೆ, ಯಾರೂ ಕೇಳದೆಯೇ, ಉತ್ತರವನ್ನು ಮೊದಲೇ ಅಚ್ಚು ಹಾಕಿಟ್ಟಿದ್ದರು.

ಆ ಮೇಲೆ ನಾನು ಈ ವಿಷಯವನ್ನು ಸ್ವಲ್ಪ ಓದಿಕೊಂಡೆ. ಈ ‘ಸ್ವಯಂ ನಿವೃತ್ತಿ’ ನಮ್ಮ ಮನೆಗಳಿಗೆ ಬಂದ ಬಗೆಯನ್ನು ತಿಳಿಯುವುದು ಒಳ್ಳೆಯದು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ಕಾರ್ಮಿಕನ ರಕ್ಷಣೆಗೆಂದು ಕೆಲವು ಬೇಲಿಗಳನ್ನು ಹಾಕಿತ್ತು. ಕೆಲಸದಿಂದ ಕಡಿತ ಮಾಡಬೇಕಾದರೆ ಒಂದು ತಿಂಗಳ ನೋಟಿಸು ಅಥವಾ ಅದರ ವೇತನ, ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ವೇತನ ಕೊಡಬೇಕಿತ್ತು. ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಸರಕಾರದ ಪೂರ್ವಾನುಮತಿಯೂ ಬೇಕಿತ್ತು. ಆದರೆ ಅದೇ ಕಾಯಿದೆ, ಕಾರ್ಮಿಕನು ತಾನಾಗಿ ನಿವೃತ್ತನಾದರೆ ಅದು ‘ಕಡಿತ’ವಲ್ಲ ಎಂದಿತು. ಬೇಲಿಯಲ್ಲಿದ್ದ ಈ ಬಾಗಿಲಿನಿಂದಲೇ ಸ್ವಯಂ ನಿವೃತ್ತಿ ಯೋಜನೆಗಳು ಬಂದವು. 1991ರ ಆರ್ಥಿಕ ಬದಲಾವಣೆಯ ನಂತರ ಅವು ಹೆಚ್ಚಿದವು. 2016ರ ಜನವರಿಯಲ್ಲಿ ಎಚ್.ಎಂ.ಟಿ. ಕೈಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿದಾಗಲೂ, 2020ರ ಜನವರಿ 31ರಂದು ಬಿ.ಎಸ್.ಎನ್.ಎಲ್.ನಿಂದ ಎಪ್ಪತ್ತೆಂಟು ಸಾವಿರಕ್ಕೂ ಮಿಕ್ಕ ನೌಕರರು ಒಂದೇ ದಿನ ಹೊರಬಂದಾಗಲೂ ನಾವು ಕೇಳಿದ್ದು ಇದೇ ಪದವನ್ನು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಸ್ವಯಂ ನಿವೃತ್ತಿಯು ಕಡಿತದ ವ್ಯಾಖ್ಯೆಯಿಂದ ಹೊರಗೇ ಇದೆ. ಪೂರ್ವಾನುಮತಿಯ ಮಿತಿ ನೂರರಿಂದ ಮುನ್ನೂರಕ್ಕೆ ಏರಿದೆ.

ಹೀಗಾಗಿ ನಡೆದದ್ದು ಇಷ್ಟು. ಕೆಲಸದಿಂದ ತೆಗೆಯುವುದು ಕಷ್ಟವೆಂದು ಒಂದು ಕಾನೂನು ಹೇಳಿತು. ಆದ್ದರಿಂದ ತಾನಾಗಿ ಹೋಗುವಂತೆ ಕಾರ್ಮಿಕನನ್ನು ಕೇಳಿದರು. ತಾನಾಗಿ ಹೋದವನಿಗೆ ಭತ್ಯೆಯಿಲ್ಲವೆಂದು ಇನ್ನೊಂದು ನಿಯಮ ಹೇಳಿತು. ಎರಡಕ್ಕೂ ತಮ್ಮದೇ ಆದ ನ್ಯಾಯವಿದೆ. ದುಡಿಯುವ ಮನಸ್ಸಿಲ್ಲದೆ ಕೆಲಸ ಬಿಟ್ಟವನಿಗೆ ಎಲ್ಲರ ವಂತಿಗೆಯ ಹಣವನ್ನು ಕೊಡಲಾಗದು ಎಂಬುದನ್ನು ಯಾರೂ ಒಪ್ಪಬೇಕು. ಆದರೆ ಎರಡರ ನಡುವಿನ ಸಂದಿಯಲ್ಲಿ ಬಿದ್ದವರು ತಗಡೂರಿನ ಈ ತಂದೆ.

ಒಂದು ರಾತ್ರಿ ಕುಳಿತು ಲೆಕ್ಕ ಹಾಕಿದೆ. ಅವರನ್ನು ಕಡಿತ ಮಾಡಿದ್ದರೆ ಹತ್ತೊಂಬತ್ತು ವರ್ಷಗಳ ಪರಿಹಾರ ಸ್ಥೂಲವಾಗಿ 1,61,500. ನೋಟಿಸಿನ ವೇತನ 17,000. ಬೇರೆ ಕೆಲಸ ಸಿಗದಿದ್ದ ಪಕ್ಷದಲ್ಲಿ ಎರಡು ವರ್ಷಗಳ ಭತ್ಯೆ 1,53,000. ಒಟ್ಟು 3,31,500 ರೂಪಾಯಿ. ಪತ್ರದಲ್ಲಿ ಕೊಟ್ಟದ್ದು ಮೂರು ಲಕ್ಷ. ಗ್ರಾಚ್ಯುಟಿ ಮತ್ತು ಭವಿಷ್ಯನಿಧಿ ಎರಡೂ ದಾರಿಗಳಲ್ಲಿ ಅವರ ಹಕ್ಕೇ ಆಗಿದ್ದವು. ಅದು ಯಾರೂ ಕೊಟ್ಟ ಕೊಡುಗೆಯಲ್ಲ. ನಿಜ, ಕಾರ್ಖಾನೆ ಅವರನ್ನು ಕಡಿತ ಮಾಡದೆ ವರ್ಗಾಯಿಸಿಯೂ ಬಿಡಬಹುದಿತ್ತು. ಆಗ ಇದೂ ಇಲ್ಲ, ಅದೂ ಇಲ್ಲ. ಎಲ್ಲವನ್ನೂ ತಿಳಿದ ಮೇಲೂ ಅವರು ಸಹಿಯನ್ನೇ ಆರಿಸುತ್ತಿದ್ದರೇನೋ. ಆದರೆ ತಿಳಿದು ಆರಿಸುವುದೇ ಬೇರೆ. ಅರಿವೂ ಸ್ವಾತಂತ್ರ್ಯವೂ ಕೂಡಿದಾಗ ಮಾತ್ರ ಮನುಷ್ಯನ ಕ್ರಿಯೆ ಪೂರ್ಣವಾಗಿ ಅವನದಾಗುತ್ತದೆ ಎಂದು ನಮ್ಮ ನೀತಿಶಾಸ್ತ್ರದ ಮೊದಲ ಪಾಠದಲ್ಲಿಯೇ ಕಲಿತಿದ್ದೆವು. ಅವರಿಗೆ ಅರಿವನ್ನು ಕೊಡಬೇಕಾದ ಕುರ್ಚಿಯಲ್ಲಿ ಅಂದು ನಾನು ಕುಳಿತಿದ್ದೆ.

ಜಗದ್ಗುರು 13ನೇ ಲಿಯೋ ಅವರು 1891ರ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ ಈ ಸಂಕಟವನ್ನು ಗುರುತಿಸಿದ್ದರು. ಬೇರೆ ದಾರಿಯಿಲ್ಲದೆ, ಇದಕ್ಕಿಂತ ಕೆಟ್ಟದ್ದು ಬಂದೀತೆಂಬ ಭಯದಿಂದ ಕಾರ್ಮಿಕನು ಕಠಿಣ ಷರತ್ತುಗಳಿಗೆ ಒಪ್ಪಿದರೆ, ಆ ಒಪ್ಪಿಗೆಯ ಹಿಂದೆ ಬಲಾತ್ಕಾರವೂ ಅನ್ಯಾಯವೂ ಇದೆ ಎಂಬುದು ಅವರ ಮಾತಿನ ಸಾರ. ಅದು ಕೂಲಿಯ ಬಗೆಗಿನ ಮಾತು. ಕೂಲಿಯನ್ನು ಬಿಟ್ಟುಕೊಡುವ ಪತ್ರಕ್ಕೂ ಸಲ್ಲುತ್ತದೆ. ಇತರ ದೇಶಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಬ್ರಿಟನ್ನಿನಲ್ಲಿ ಉದ್ಯೋಗ ಕಡಿತದ ಸಂದರ್ಭದಲ್ಲಿ ತಾನಾಗಿ ಮುಂದೆ ಬಂದು ಹೊರಟವನನ್ನೂ ಕೆಲಸ ಕಳೆದುಕೊಂಡವನೆಂದೇ ಭಾವಿಸುತ್ತಾರೆ. ಜರ್ಮನಿಯಲ್ಲಿ ಒಪ್ಪಂದ ಮಾಡಿಕೊಂಡು ತಕ್ಕ ಕಾರಣವಿಲ್ಲದೆ ಕೆಲಸ ಬಿಟ್ಟವನಿಗೆ ಸಾಮಾನ್ಯವಾಗಿ ಹನ್ನೆರಡು ವಾರ ಭತ್ಯೆಯನ್ನು ತಡೆಯುತ್ತಾರೆ. ಅಲ್ಲಿ ತಡೆಯಾದರೂ ಕಾರಣವನ್ನು ಕೇಳುತ್ತಾರೆ. ನಮ್ಮಲ್ಲಿ ಆ ಒಂದು ಪದವೇ ಕಾರಣವಾಯಿತು.

ಆ ದಿನ ಬರಿಗೈಯಲ್ಲಿ ಎದ್ದೆವೆಂದು ಹೇಳಿದರೆ ತಪ್ಪಾದೀತು. ಆ ಅಧಿಕಾರಿಯೇ ನಮ್ಮನ್ನು ಮತ್ತೆ ಕೂರಿಸಿ, ಐದು ವರ್ಷಗಳಾದರೂ ವಿಮಾದಾರರಾಗಿದ್ದು ಸ್ವಯಂ ನಿವೃತ್ತಿ ಪಡೆದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತದೆ ಎಂದು ತಿಳಿಸಿದರು. ಅರ್ಜಿ ಕೊಟ್ಟೆವು. ಪತ್ನಿಯ ಸಕ್ಕರೆ ಕಾಯಿಲೆಯ ಔಷಧಿಗೆ ಅದೇ ಆಧಾರವಾಯಿತು. ಮರುವರ್ಷ ಕೊರೋನಾ ಬಂದಾಗ ಅಟಲ್ ಯೋಜನೆಯ ಭತ್ಯೆ ಅರ್ಧ ವೇತನಕ್ಕೆ ಏರಿತು. ಇವರಿಗೆ ಮಾತ್ರ ಆ ಬಾಗಿಲು ತೆರೆಯಲಿಲ್ಲ. ಅರ್ಧ ಎಕರೆ ಜಮೀನು, ರಾತ್ರಿ ಕಾವಲಿನ ಕೆಲಸ, ಹೀಗೆ ಸಂಸಾರ ನಡೆಯಿತು. ಒಮ್ಮೆ ನಾನು ಕ್ಷಮೆ ಕೇಳಿದೆ. “ನೀವು ಬೇಡವೆಂದಿದ್ದರೂ ನಾನು ಹಾಕುತ್ತಿದ್ದೆ, ಫಾದರ್. ಹೆದರಿಕೆಯಾಗಿತ್ತು” ಎಂದರು. ಹೆದರಿಕೆ ಎಂಬ ಪದ ಆ ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ.

ಬಂಧುಗಳೇ, ಇಂತಹ ಪತ್ರ ನಿಮ್ಮ ಮನೆಗೂ ಬಂದೀತು. ಬಂದಾಗ ಅಂಕಿಯನ್ನು ಕೊನೆಗೆ ನೋಡಿ. ಹೊರಡುವ ಕಾರಣವನ್ನು ಏನೆಂದು ಬರೆದಿದ್ದಾರೆ, ಸಹಿ ಹಾಕದಿದ್ದರೆ ಏನಾಗುವುದೆಂದು ಬರೆದು ಕೊಡುವರೇ, ಸಹಿ ಹಾಕಿದರೆ ಯಾವ ಹಕ್ಕು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದನ್ನು ಸಂಘದವರಲ್ಲಿ, ವಿಮಾ ಕಚೇರಿಯಲ್ಲಿ ಮೊದಲೇ ಕೇಳಿ ತಿಳಿಯಿರಿ. ನಿಯಮಗಳು ಬದಲಾಗುತ್ತಿರುತ್ತವೆ, ಅಂದಂದಿನ ನಿಯಮವನ್ನು ಅಂದಂದೇ ಕೇಳಬೇಕು. ನಿಮ್ಮಲ್ಲಿ ಕೆಲವರು ಇಂತಹ ಪತ್ರಗಳನ್ನು ಹಂಚುವ ಸ್ಥಾನದಲ್ಲಿಯೂ ಇರುವಿರಿ. ಮಂಗಳವಾರದ ಗಡುವಿನ ಬದಲು ಒಂದು ತಿಂಗಳ ಸಮಯ ಕೊಟ್ಟರೆ ಕಾರ್ಖಾನೆಗೆ ಆಗುವ ನಷ್ಟ ಅಲ್ಪ. ಒಂದು ಕುಟುಂಬಕ್ಕೆ ಅದು ದೊಡ್ಡದು. ನನ್ನಂತಹವರು ಕಲಿಯಬೇಕಾದದ್ದೂ ಇದೆ: ಗೊತ್ತಿಲ್ಲದ ವಿಷಯಕ್ಕೆ ‘ಕೇಳಿ ಹೇಳುತ್ತೇನೆ’ ಎನ್ನುವುದು.

ಈಗಲೂ ಮದುವೆಗಳಲ್ಲಿ ಆ ಪ್ರಶ್ನೆಯನ್ನು ಕೇಳುತ್ತೇನೆ. ಉತ್ತರ ಬರುವವರೆಗೆ ಮೊದಲಿಗಿಂತ ಸ್ವಲ್ಪ ಹೆಚ್ಚು ಹೊತ್ತು ಕಾಯುತ್ತೇನೆ.