ಹೊಲದಲ್ಲಿ ಕಟ್ಟಿದ ಕಿವಿ

ಟ್ರಾನ್ಸಿಸ್ಟರಿನಲ್ಲಿ ಧಾರವಾಡ ಕೇಂದ್ರ ಗೊರಗೊರ ಅಂದರೆ ಹಿರಿಯರು ರೇಡಿಯೊವನ್ನೇ ಒಂದಿಷ್ಟು ತಿರುಗಿಸಿ ಇಡುತ್ತಿದ್ದರು, ನೆನಪಿದೆಯಾ? ಒಳಗೊಂದು ಫೆರೈಟ್ ಕಡ್ಡಿ ಇರುತ್ತದೆ. ಅದರ ತುದಿ ಯಾವ ಕಡೆಗಿದೆಯೋ ಆ ಕಡೆಯಿಂದ ಬರುವುದು ಅದಕ್ಕೆ ಕೇಳಿಸುವುದೇ ಕಡಿಮೆ. ಗದ್ದಲದ ಕಡೆ ತುದಿ ಮಾಡಿದರೆ ಹಾಡು ನಿಚ್ಚಳ.

ನನ್ನ ಗೆಳೆಯನೊಬ್ಬ ಲೈಸೆನ್ಸ್ ಇರುವ ಹ್ಯಾಮ್. ಅವನಿಗೆ 160 ಮೀಟರ್ ಬ್ಯಾಂಡಿನ ಹುಚ್ಚು. ಮೀಡಿಯಂ ವೇವ್ ಮುಗಿಯುವಲ್ಲಿಂದ ಸ್ವಲ್ಪ ಮೇಲೆ, 1.8 ಮೆಗಾಹರ್ಟ್ಸ್ ಆಸುಪಾಸು. ದೂರದ ದನಿ ರಾತ್ರಿಯಷ್ಟೇ ಬರುತ್ತದೆ. ಊರೊಳಗಿನ ಎಲ್‌ಇಡಿ ಬಲ್ಬು, ಚಾರ್ಜರುಗಳ ಸದ್ದಿನಲ್ಲಿ ಅದು ಮುಳುಗಿಹೋಗುತ್ತದೆ. ವಾಲ್ಯೂಮ್ ಏರಿಸಿದರೆ ಗದ್ದಲವೂ ಏರುತ್ತದೆ. ‘ನಾನು ಕರೆದದ್ದು ಯುರೋಪಿನವರಿಗೆ ಕೇಳಿಸುತ್ತದೆ, ಅವರು ಉತ್ತರಾನೂ ಕೊಡ್ತಾರೆ. ಅದು ನನಗೇ ಕೇಳಿಸೋದಿಲ್ಲ’ ಎಂದು ಕೊರಗುತ್ತಿದ್ದ.

ಇದಕ್ಕೆ ಮದ್ದು ಹಳೆಯದು. ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಬೆವರೇಜ್ 1921ರಲ್ಲಿ ಪೇಟೆಂಟ್ ಪಡೆದ ಉದ್ದ ತಂತಿಯ ಆಂಟೆನಾ. ಅದೇ ಡಿಸೆಂಬರಿನಲ್ಲಿ ಪಾಲ್ ಗಾಡ್ಲೆ ಎಂಬಾತ ಸ್ಕಾಟ್ಲೆಂಡಿನ ಆರ್ಡ್ರೊಸಾನ್ ಕಡಲತೀರದಲ್ಲಿ ಇಂಥದೇ ತಂತಿ ಎಳೆದು, ಅಟ್ಲಾಂಟಿಕ್ ಆಚೆಯ ಅಮೆರಿಕದ ಹವ್ಯಾಸಿಗಳ ಸಂಕೇತ ಕೇಳಿದ.

ಗೋವಿನಜೋಳ ಮುರಿದು ಹೊಲ ಖಾಲಿಯಾದ ಮೇಲೆ ನಾವೂ ಎಳೆದೆವು. 180 ಮೀಟರ್ ತಂತಿ, ಎತ್ತಿನ ಗಾಡಿ ಕೆಳಗೆ ಹೋಗುವಷ್ಟು ಎತ್ತರದ ಬಿದಿರು ಗಳ. ಯುರೋಪ್ ನಮಗೆ ವಾಯವ್ಯಕ್ಕೆ. ಆ ತುದಿಯಲ್ಲಿ 450 ಓಮ್‌ನ ರೆಸಿಸ್ಟರ್ ಹಾಕಿ ನೆಲಕ್ಕೆ ಅರ್ಥಿಂಗ್. ಊರಿನ ಕಡೆಯ ತುದಿಯಲ್ಲಿ 9:1 ಟ್ರಾನ್ಸ್‌ಫಾರ್ಮರ್, ಅಲ್ಲೂ ಅರ್ಥಿಂಗ್, ಅಲ್ಲಿಂದ ಕೇಬಲ್ ರೇಡಿಯೊಕ್ಕೆ. ವಾಯವ್ಯದಿಂದ ಬಂದ ಅಲೆ ತಂತಿಗುಂಟ ಬಲಿಯುತ್ತ ರೇಡಿಯೊ ಸೇರುತ್ತದೆ. ಹಿಂದಿನಿಂದ, ಅಂದರೆ ಊರ ಕಡೆಯಿಂದ ಬಂದ ಗದ್ದಲ ಆಚೆ ತುದಿಗೆ ಹೋಗಿ ರೆಸಿಸ್ಟರಿನಲ್ಲೇ ಕರಗುತ್ತದೆ.

ತಂತಿ ಪಕ್ಕದ ಹೊಲಕ್ಕೂ ಹೋಗಬೇಕಿತ್ತು. ಆ ಹೊಲದ ಕಾಕಾ ಒಪ್ಪಲಿಲ್ಲ. ‘ಕರೆಂಟ್ ಬಿಡ್ತೀರೇನೋ ತಮ್ಮಾ? ನನ್ನ ಎತ್ತು ಸತ್ರ ಯಾರು ಹೊಣಿ?’ ಹಂದಿಗೆಂದು ಬೇಲಿಗೆ ಕರೆಂಟ್ ಬಿಟ್ಟು ಜನರೇ ಸತ್ತ ಸುದ್ದಿಗಳನ್ನು ನಾನೇ ಬರೆದಿದ್ದೇನೆ, ಅವರ ಭಯ ಸುಳ್ಳಲ್ಲ. ಗೆಳೆಯ ತಂತಿಯನ್ನು ಬರಿಗೈಯಲ್ಲಿ ಹಿಡಿದು, ಇದು ಬರೀ ಕೇಳೋ ತಂತಿ, ಕಳಿಸೋದಕ್ಕೆ ಮನೆ ಮೇಲೆ ಬೇರೆ ಆಂಟೆನಾ ಇದೆ ಎಂದು ತಿಳಿಸಿದ. ರಂಟೆ ಹೊಡೆಯುವುದರೊಳಗೆ ಬಿಚ್ಚಬೇಕು ಎಂಬ ಷರತ್ತಿನ ಮೇಲೆ ಕಾಕಾ ಹೂಂ ಅಂದರು.

ಆ ರಾತ್ರಿ ಎರಡರ ಮೇಲಾಗಿತ್ತು. ಮನೆಯ ಆಂಟೆನಾಕ್ಕೆ ಹಾಕಿದರೆ ಬರೀ ಬುಸ್. ತಂತಿಗೆ ಬದಲಿಸಿದರೆ ಎಲ್ಲವೂ ಮೆಲ್ಲಗಾಯಿತು, ಆದರೆ ಸದ್ದು ತಗ್ಗಿದಷ್ಟು ಮೋರ್ಸ್ ತಗ್ಗಲಿಲ್ಲ. ಇಟಲಿಯವನೊಬ್ಬ ಕರೆಯುತ್ತಿದ್ದ. ಗೆಳೆಯ ಉತ್ತರಿಸಿದ. ಆ ಕಡೆಯಿಂದ ಅವನದೇ ಕಾಲ್‌ಸೈನ್ ತಿರುಗಿ ಬಂದಾಗ ಪೆನ್ಸಿಲ್ ಹಿಡಿದ ಕೈ ನಡುಗುತ್ತಿತ್ತು.

ಅಂದಿನಿಂದ ಗ್ರಾಮಸಭೆಗೆ ಹೋದರೆ ನಾನು ಮೈಕಿನ ಹತ್ತಿರ ಕೂರುವುದಿಲ್ಲ. ಹಿಂದೆ ನಿಂತ ಹೆಣ್ಣುಮಕ್ಕಳ ಪಕ್ಕ ನಿಲ್ಲುತ್ತೇನೆ.

ನೀವೂ ತಂತಿ ಎಳೆಯುವುದಾದರೆ ಕರೆಂಟ್ ಲೈನಿನಿಂದ ದೂರವಿರಲಿ, ಗುಡುಗು ಕೇಳಿದೊಡನೆ ಕೇಬಲ್ ಕಳಚಿಡಿ. ಪಕ್ಕದ ಹೊಲದವರನ್ನು ಮೊದಲು ಕೇಳಿ.